ಇಲ್ಲದ ಜಲಾಶಯಕ್ಕೆ ಸುಣ್ಣ

ಜಲಾಶಯ ಇನ್ನೂ ಇರಲಿಲ್ಲ. ಅದನ್ನು ಕಾಪಾಡುವ ಕೆಲಸ ಮಾತ್ರ ಶುರುವಾಗಿತ್ತು.

ಕಣಿವೆಯ ಕೆಳತುದಿಯಲ್ಲಿ ನಾಲ್ಕು ಗಡಿಕಲ್ಲು ನೆಟ್ಟು ಬಿಳಿ ಬಣ್ಣ ಬಳಿದಿದ್ದರು. ಕಲ್ಲಿನಾಚೆ ಬಂಡೆ, ಕುರುಚಲು ಗಿಡ, ಮೇಯುವ ಮೇಕೆಗಳು. ಅವುಗಳ ನಡುವೆ ಒಂದು ಬೋರ್ಡು: 'ಆಳವಾದ ನೀರು. ಈಜಬಾರದು.' ಮೇಕೆಗಳು ಬೋರ್ಡಿನ ಕಂಬಕ್ಕೆ ಬೆನ್ನು ಉಜ್ಜಿಕೊಳ್ಳುತ್ತಿದ್ದವು.

ಕೆಳಗಿನ ಪಟ್ಟಣಕ್ಕೆ ಎರಡು ವರ್ಷ ಮೇಲಿಂದ ಮೇಲೆ ನೆರೆ ಬಂದಿತ್ತು. ಅಂಗಡಿ ಬೀದಿಯಲ್ಲಿ ಸೊಂಟದ ಮಟ್ಟ ನೀರು ನಿಂತಿತ್ತು. ನೆರೆ ತಡೆಯಲು ಇಲ್ಲೊಂದು ಜಲಾಶಯ ಕಟ್ಟುವುದೆಂದು ತೀರ್ಮಾನವಾಯಿತು. ಜಾಗ ನೋಡಲು ಬಂದ ತಜ್ಞರು ಹಳ್ಳದ ನೀರನ್ನು ಗಾಜಿನ ಕೊಳವೆಯಲ್ಲಿ ಹಿಡಿದು ಮೂಗು ಮುರಿದರು. ಕಣಿವೆಯ ತಲೆಯಲ್ಲಿ ಮುಚ್ಚಿದ ಗಣಿ ಇತ್ತು. ಅದರ ಸುರಂಗದ ಬಾಯಿಂದ ಬಿಡುವಿಲ್ಲದೆ ನೀರು ಸುರಿಯುತ್ತಿತ್ತು. ತುಕ್ಕಿನ ಬಣ್ಣದ ಹುಳಿ ನೀರು. ಅದರಲ್ಲಿ ಮೊಳೆ ಬಿದ್ದರೆ ತಿಂಗಳಲ್ಲಿ ಸೂಜಿಯಾಗುತ್ತಿತ್ತು. ಈ ನೀರು ಜಲಾಶಯಕ್ಕೆ ಸೇರಿದರೆ ಅದರ ಉಕ್ಕಿನ ಬಾಗಿಲುಗಳನ್ನು ಹತ್ತು ವರ್ಷದಲ್ಲಿ ತಿಂದುಹಾಕುತ್ತದೆ ಎಂದು ತಜ್ಞರು ವರದಿ ಬರೆದರು.

ಬಾಗಿಲುಗಳು ಇನ್ನೂ ಯಾವ ಕಾರ್ಖಾನೆಯಲ್ಲೂ ತಯಾರಾಗಿರಲಿಲ್ಲ. ಆದರೂ ಕಚೇರಿಯಲ್ಲಿ ಎಲ್ಲರ ಎದೆ ಝಲ್ಲೆಂದಿತು.

ಗಣಿಗೂ ಗಡಿಕಲ್ಲಿಗೂ ನಡುವೆ ನಲವತ್ತು ಮನೆಗಳಿದ್ದವು. ಗಣಿ ಕೂಲಿಗಳಿಗೆಂದು ಸಾಲಾಗಿ ಕಟ್ಟಿದ ಲೈನು ಮನೆಗಳು. ಒಂದು ಕೋಣೆ, ಒಂದು ಒಲೆ, ತಗಡಿನ ಸೂರು. ಗಣಿ ಮುಚ್ಚಿ ಇಪ್ಪತ್ತೆರಡು ವರ್ಷವಾಗಿತ್ತು. ಹೋಗಲು ಬೇರೆ ಜಾಗವಿಲ್ಲದ ನಾವು ಅಲ್ಲೇ ಉಳಿದಿದ್ದೆವು. ಹಳ್ಳದ ಪಕ್ಕ ಗುಂಡಿ ತೋಡಿ, ಒಸರಿದ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುತ್ತಿದ್ದೆವು. ಕೊಡದ ತಳ ಉದುರುತ್ತಿತ್ತು. ಒಗೆದ ಬಟ್ಟೆ ಒಗೆಯುವ ಮುಂಚಿಗಿಂತ ಕೊಳಕಾಗುತ್ತಿತ್ತು. ಅರ್ಜಿ ಕೊಟ್ಟಾಗ ಕಚೇರಿಯಿಂದ ಒಂದೇ ಸಾಲಿನ ಉತ್ತರ ಬಂದಿತ್ತು: 'ಗಣಿ ಮುಚ್ಚಿದೆ. ಮುಚ್ಚಿದ ಗಣಿಯಿಂದ ನೀರು ಬರುವುದಿಲ್ಲ.'

ನಲವತ್ತು ಮನೆಯವರ ಕರುಳನ್ನು ಆ ನೀರು ಇಪ್ಪತ್ತೆರಡು ವರ್ಷ ತಿಂದಿತು. ಯಾರೂ ವರದಿ ಬರೆಯಲಿಲ್ಲ. ಬಾಗಿಲಿಗೆ ಬರೆದರು.

ಪರಿಹಾರವನ್ನೂ ತಜ್ಞರೇ ಹೇಳಿದ್ದರು. ಹಳ್ಳದ ನೀರನ್ನು ಒಂದು ತೊಟ್ಟಿಗೆ ತಿರುಗಿಸಿ ಸುಣ್ಣದ ಪುಡಿ ಕಲಸಬೇಕು. ಸುಣ್ಣ ಬಿದ್ದರೆ ಹುಳಿ ಸಾಯುತ್ತದೆ. ತುಕ್ಕು ಕೆಸರಾಗಿ ತಳ ಸೇರುತ್ತದೆ. ತಿಳಿನೀರು ಮುಂದೆ ಹರಿಯುತ್ತದೆ. ತೊಟ್ಟಿಯನ್ನು ಗಡಿಕಲ್ಲಿನ ಪಕ್ಕದಲ್ಲಿ ಕಟ್ಟಿದರು. ಅಂದರೆ ನಮ್ಮ ಮನೆಗಳಿಂದ ಕೆಳಗೆ. ನಮ್ಮನ್ನು ದಾಟಿ ಬಂದ ಮೇಲೆ ನೀರು ಶುದ್ಧವಾಗುತ್ತಿತ್ತು.

ಸುಣ್ಣ ಕಲಸಲು ಲೈನಿನಿಂದ ಒಬ್ಬಳನ್ನು ತೆಗೆದುಕೊಂಡರು. ನನ್ನ ಪಕ್ಕದ ಮನೆಯವಳು. ಸೇರಿದ ವಾರಕ್ಕೇ ಎಲ್ಲರ ಬಾಯಲ್ಲೂ ಸುಣ್ಣದಕ್ಕ ಆಗಿಹೋದಳು. ಅವಳ ಗಂಡ ಗಣಿಯ ಧೂಳು ಕುಡಿದು ಸತ್ತಿದ್ದ. ಮನೆಯಲ್ಲಿ ಅವಳು ಮತ್ತು ಅವಳ ಅತ್ತೆ, ಇಬ್ಬರೇ.

ದಿನಕ್ಕೆ ಹತ್ತು ಚೀಲ ಸುಣ್ಣವನ್ನು ಶೆಡ್ಡಿನಿಂದ ತೊಟ್ಟಿಗೆ ಬೆನ್ನ ಮೇಲೆ ಹೊರಬೇಕು. ಬಾಯಿ ಬಿಚ್ಚಿ ಸುರಿಯಬೇಕು. ಉದ್ದನೆಯ ಮರದ ಕೋಲಿನಿಂದ ತಿರುವಬೇಕು. ತಳದ ಕೆಸರನ್ನು ಸಲಿಕೆಯಲ್ಲಿ ಎತ್ತಿ ಹೊರಗೆ ಹಾಕಬೇಕು. ಬೆವರು ಇದ್ದಲ್ಲೆಲ್ಲ ಸುಣ್ಣ ಕಚ್ಚುತ್ತದೆ. ಕುತ್ತಿಗೆ, ಕಂಕುಳು, ಸೊಂಟದ ಸುತ್ತ. ಸಂಜೆಗೆ ರೆಪ್ಪೆಯ ಕೂದಲು ಬೆಳ್ಳಗಾಗಿರುತ್ತಿತ್ತು. ಕೈಗವಸು ಕೊಟ್ಟಿದ್ದರು. ಎರಡೂ ಎಡಗೈಯದು. ಬಲಗೈಯದು ಮುಂದಿನ ವರ್ಷ ಬರುತ್ತದೆ ಅಂದಿದ್ದರು.

ಅವಳ ಮೇಲೆ ಒಬ್ಬ ಮೇಸ್ತ್ರಿ ಇದ್ದ. ಅವನ ಕೆಲಸ ರಿಜಿಸ್ಟರ್ ಬರೆಯುವುದು. ಅದರಲ್ಲಿ 'ಜಲಾಶಯದ ನೀರಿನ ಮಟ್ಟ' ಎಂಬ ಅಂಕಣವಿತ್ತು. ಮೇಸ್ತ್ರಿ ದಿನವೂ ಸೊನ್ನೆ ಬರೆಯುತ್ತಿದ್ದ. ಮೂರು ತಿಂಗಳಾದ ಮೇಲೆ ಮೇಲಿನವರು ಬೈದರು. ದಿನಾ ಒಂದೇ ಅಂಕಿ ಬರೆದರೆ ಕೂತಲ್ಲೇ ಬರೆದ ಹಾಗೆ ಕಾಣುತ್ತದಂತೆ. ಅಂದಿನಿಂದ ಒಂದು ದಿನ ಕಪ್ಪು ಶಾಯಿಯಲ್ಲಿ ಸೊನ್ನೆ, ಮರುದಿನ ನೀಲಿ ಶಾಯಿಯಲ್ಲಿ ಸೊನ್ನೆ.

ಇನ್ನೊಬ್ಬರು ದೋಣಿ ತಾತ. ನದಿಗೆ ಸೇತುವೆ ಬರುವ ತನಕ ಜನರನ್ನು ದಾಟಿಸುತ್ತಿದ್ದವರು. ಜಲಾಶಯದ ನಡುವಿನಿಂದ ನೀರಿನ ಮಾದರಿ ತರಲು ಅವರನ್ನು ನೇಮಿಸಿದ್ದರು. ಹಾಜರಿ ಸಿಗಬೇಕಾದರೆ ದೋಣಿಯೊಳಗೆ ಕೂತಿರಬೇಕು. ತಾತ ಬೆಳಿಗ್ಗೆ ಹತ್ತಕ್ಕೆ ಬಂದು, ತೇಲುವ ಅಂಗಿ ತೊಟ್ಟು, ಕುರುಚಲು ಗಿಡದ ನಡುವೆ ಒಣ ನೆಲದ ಮೇಲಿದ್ದ ದೋಣಿ ಹತ್ತಿ ಕೂರುತ್ತಿದ್ದರು. ಐದಕ್ಕೆ ಇಳಿಯುತ್ತಿದ್ದರು.

"ಈವತ್ತು ಗಾಳಿ ಜೋರಿತ್ತು ಕಣಮ್ಮಾ, ಮುಳುಗಿಬಿಡ್ತೀನೇನೋ ಅಂದ್ಕೊಂಡೆ" ಅನ್ನುತ್ತಿದ್ದರು ಸುಣ್ಣದಕ್ಕನಿಗೆ.

ಅವಳಿಗೆ ನಗು ಬರುತ್ತಿತ್ತು. ನಕ್ಕರೆ ಬಿರಿದ ತುಟಿ ಉರಿಯುತ್ತಿತ್ತು.

ಒಂದು ಸಂಜೆ ತೊಟ್ಟಿಯ ಕೆಳಗೆ ಕೈಕಾಲು ತೊಳೆಯುವಾಗ ಅವಳಿಗೆ ಕಪ್ಪೆ ಕಂಡಿತು. ಬೆರಳುಗಾತ್ರದ ಕಪ್ಪೆ. ನಮ್ಮ ಲೈನಿನಲ್ಲಿ ಹುಟ್ಟಿದ ಮಕ್ಕಳು ಹಳ್ಳದಲ್ಲಿ ಕಪ್ಪೆ ನೋಡಿದ್ದೇ ಇಲ್ಲ. ಅವಳು ಅಲ್ಲೇ ಕುಕ್ಕರಗಾಲಲ್ಲಿ ಕೂತು ಕತ್ತಲಾಗುವ ತನಕ ಅದನ್ನು ನೋಡಿದಳಂತೆ. ಮನೆಗೆ ಬಂದಾಗ ಅತ್ತೆ ಕಾಲು ಚಾಚಿ ಹಿಮ್ಮಡಿಯ ಬಿರುಕಿಗೆ ಮೇಣ ಹಚ್ಚಿಕೊಳ್ಳುತ್ತಿದ್ದಳು. ಬಿರುಕಿನಲ್ಲಿ ರಕ್ತ ಇತ್ತು.

"ಕೆಳಗೆ ಕಪ್ಪೆ ಬಂದಿದೆ ಅತ್ತೆ."

"ಬರಲಿ. ಅದಕ್ಕೇನು ಕಷ್ಟ? ಅದು ಸರ್ಕಾರಿ ನೀರಲ್ಲಿದೆ. ನಾವು ಮೇಲಿದ್ದೀವಿ."

ಮರುದಿನ ಇಂಜಿನಿಯರ್ ಜೀಪಿನಲ್ಲಿ ಬಂದಾಗ ಅವಳು ಎದುರು ಹೋಗಿ ನಿಂತಳು. ಬಟ್ಟೆಗೆ ಸುಣ್ಣ ಮೆತ್ತೀತೆಂದು ಅವರು ಎರಡು ಹೆಜ್ಜೆ ಹಿಂದೆ ಸರಿದರು.

"ಸಾರ್, ಈ ಸುಣ್ಣಾನ ಮೇಲೆ ಸುರಂಗದ ಬಾಯಲ್ಲೇ ಹಾಕಿದ್ರೆ ಆಗಲ್ವಾ? ನಮಗೂ ಒಳ್ಳೇ ನೀರು ಸಿಗುತ್ತೆ. ನಿಮ್ಮ ಬಾಗಿಲಿಗೂ ಸಿಗುತ್ತೆ."

"ಆಗಲ್ಲಮ್ಮಾ. ಮೇಲಿನದು ಯೋಜನೆಯ ಜಾಗ ಅಲ್ಲ."

"ಅಲ್ಲಿ ಜನ ಇದ್ದಾರಲ್ಲ ಸಾರ್."

ಇಂಜಿನಿಯರ್ ಕೈಚೀಲದಿಂದ ನಕ್ಷೆ ತೆಗೆದು ಜೀಪಿನ ಮುಂಭಾಗದ ಮೇಲೆ ಹರಡಿದರು. ತಾಳ್ಮೆಯಿಂದಲೇ ತೋರಿಸಿದರು.

"ನೋಡಿ. ಗಣಿ ಮುಚ್ಚಿದಾಗ ಕಂಪನಿಯವರು ಮನೆಗಳನ್ನ ಖಾಲಿ ಮಾಡಿಸಿದ್ದೀವಿ ಅಂತ ಬರೆದುಕೊಟ್ಟಿದ್ದಾರೆ. ನಕ್ಷೆ ಪ್ರಕಾರ ಅಲ್ಲಿ ಯಾರೂ ಇಲ್ಲ."

"ಹಾಗಾದ್ರೆ ನಾನು ದಿನಾ ಎಲ್ಲಿಂದ ಬರ್ತೀನಿ?"

"ಅದು ನಿಮ್ಮ ಸ್ವಂತ ವಿಷಯ" ಎಂದು ಅವರು ನಕ್ಷೆ ಮಡಚಿದರು.

ಆ ಸಂಜೆ ಅವಳು ಊಟಕ್ಕೆ ಕೂರಲಿಲ್ಲ. ಮನೆಮನೆಗೆ ಬಂದಳು. "ನಾಳೆ ಬೆಳಕು ಹರಿಯೋ ಹೊತ್ತಿಗೆ ಬರ್ತೀರಾ? ನಾಲ್ಕು ಚೀಲ ಮೇಲೆ ಹೊರಬೇಕು" ಅಂದಳು. ಮೊದಲ ದಿನ ಹೋದವರು ನಾನು ಮತ್ತು ಇನ್ನಿಬ್ಬರು. ಶೆಡ್ಡಿನಿಂದ ಸುರಂಗದ ಬಾಯಿಗೆ ಏರು ದಾರಿ. ಕಾಲಡಿಯಲ್ಲಿ ಗಣಿಯ ಕಲ್ಲುಪುಡಿ ಜಾರುತ್ತದೆ. ಚೀಲ ಕುತ್ತಿಗೆಯನ್ನು ಎದೆಯೊಳಗೆ ತಳ್ಳುತ್ತದೆ. ನನಗೆ ದಾರಿಯಲ್ಲಿ ವಾಂತಿಯಾಯಿತು. ಸುಣ್ಣದಕ್ಕ ತನ್ನ ಚೀಲ ಇಳಿಸಿ ಬಂದು ನನ್ನದನ್ನೂ ಹೊತ್ತಳು.

ಸುರಂಗದ ಎದುರು ನೆಲ ಅಗೆದು ಗುಂಡಿ ಮಾಡಿದೆವು. ಕಲ್ಲು, ಮಣ್ಣು ಸೇರಿಸಿ ಬದು ಕಟ್ಟಿದೆವು. ಎರಡು ಸಲ ಒಡೆದುಹೋಯಿತು. ಮೂರನೇ ಸಲ ನಿಂತಿತು. ಎರಡನೇ ವಾರಕ್ಕೆ ಇಪ್ಪತ್ತು ಹೆಂಗಸರಾದೆವು. ಹತ್ತು ಚೀಲವೂ ಮೇಲೆ ಹೋಗತೊಡಗಿತು. ಅದೇ ಸುಣ್ಣ, ಅದೇ ನೀರು. ಜಾಗ ಮಾತ್ರ ಬೇರೆ.

ಮೇಸ್ತ್ರಿಗೆ ಗೊತ್ತಾಗದೆ ಇರಲಿಲ್ಲ. ಸುಣ್ಣ ಬೀಳದ ತೊಟ್ಟಿಯ ಮುಂದೆ ನಿಂತು ಕಣ್ಣುಜ್ಜಿಕೊಂಡ.

"ನಾನೇನೂ ನೋಡಿಲ್ಲಕ್ಕ. ನನ್ನ ಕಣ್ಣಿಗೆ ಸುಣ್ಣ ಬಿದ್ದಿದೆ. ಒಂದು ತಿಂಗಳು ಹೋಗೋ ಹಾಗಿಲ್ಲ."

ಮೂರನೇ ವಾರ ಹಳ್ಳದ ಕಲ್ಲುಗಳು ಕಂಡವು. ನೀರಿನೊಳಗೆ ಕಲ್ಲು ಕಾಣಬಹುದೆಂದೇ ನಮಗೆ ಮರೆತುಹೋಗಿತ್ತು. ಅತ್ತೆ ಮೊಣಕಾಲವರೆಗೆ ಇಳಿದು ನಿಂತಳು.

"ಉರೀತಿಲ್ಲ ಕಣೇ" ಅಂದಳು. ಆಮೇಲೆ ಯಾರ ಮೇಲೋ ಸಿಟ್ಟು ಬಂದವಳ ಹಾಗೆ, "ಇಷ್ಟೇನಾ? ಇಷ್ಟು ಮಾಡೋಕೆ ಇಪ್ಪತ್ತೆರಡು ವರ್ಷ ಬೇಕಾಯ್ತಾ?" ಎಂದು ನೀರಿಗೆ ಕಾಲು ಬಡಿದಳು.

ಇಂಜಿನಿಯರ್ ತಿಂಗಳ ಪರೀಕ್ಷೆಗೆ ಬಂದರು. ತೊಟ್ಟಿಗೆ ಬರುವ ನೀರಿನಲ್ಲಿ ಯಂತ್ರದ ಕಡ್ಡಿ ಅದ್ದಿದರು. ಒರೆಸಿ ಮತ್ತೆ ಅದ್ದಿದರು. ಮುಖ ಸಪ್ಪಗಾಯಿತು.

"ಕೊಳೆ ಎಲ್ಲಿ?" ಎಂದು ಕೇಳಿದರು.

"ಮೇಲೇ ನಿಲ್ಲಿಸಿದೀವಿ ಸಾರ್" ಎಂದಳು ಸುಣ್ಣದಕ್ಕ. ಮುಚ್ಚಿಡುವ ಮಾತೇ ಅವಳ ತಲೆಗೆ ಬಂದಿರಲಿಲ್ಲ. ಅವರು ಮೆಚ್ಚುತ್ತಾರೆ ಅಂದುಕೊಂಡಿದ್ದಳು.

"ಯಾರನ್ನ ಕೇಳಿ ನಿಲ್ಲಿಸಿದ್ರಿ? ಮುಂದಿನ ವಾರ ಸಮಿತಿ ಬರ್ತಾ ಇದೆ. ಕೊಳಕು ನೀರು ಒಳಗೆ ಹೋಗಬೇಕು, ಒಳ್ಳೇ ನೀರು ಆಚೆ ಬರಬೇಕು. ಅದನ್ನ ತೋರಿಸೋಕೆ ತಾನೇ ಇಷ್ಟೆಲ್ಲ ಕಟ್ಟಿರೋದು? ಒಳ್ಳೇ ನೀರೇ ಒಳಗೆ ಹೋದ್ರೆ ಈ ತೊಟ್ಟಿ ಯಾಕೆ? ನಾನು ಯಾಕೆ?"

ಎರಡು ದಿನಕ್ಕೆ ನೋಟಿಸು ಬಂತು. ಮೇಸ್ತ್ರಿ ತಡವರಿಸುತ್ತ ಓದಿದ. ಆರೋಪ: 'ಅನುಮತಿಯಿಲ್ಲದೆ ಮಾಲಿನ್ಯವನ್ನು ತಡೆದದ್ದು.' ಸುಣ್ಣದಕ್ಕ ಮತ್ತೊಮ್ಮೆ ಓದಿಸಿದಳು. ತಪ್ಪಾಗಿ ಕೇಳಿಸಿತೇನೋ ಅಂದುಕೊಂಡಳು. ಎರಡನೇ ಸಲವೂ ಅದೇ ಇತ್ತು.

ಸಮಿತಿ ಬರುವ ಮೂರು ದಿನ ಮುಂಚೆ ಇಂಜಿನಿಯರ್ ಮೇಸ್ತ್ರಿಯನ್ನು ಕರೆದುಕೊಂಡು ತಾವೇ ಏರಿ ಬಂದರು. ಜೀಪು ಬರದ ದಾರಿ. ಬೂಟು ತುಂಬ ಕಲ್ಲುಪುಡಿ. ನಾವೆಲ್ಲ ಗುಂಡಿಯ ಹತ್ತಿರವೇ ಇದ್ದೆವು. ಅವರು ಅವಳ ಕೈಗೆ ಗುದ್ದಲಿ ಕೊಟ್ಟರು.

"ಬದು ಒಡೀರಿ. ಮೂರೇ ದಿನ. ಸಮಿತಿ ಹೋದ ಮೇಲೆ ಬೇಕಾದ್ರೆ ಮತ್ತೆ ಕಟ್ಕೊಳ್ಳಿ, ನಾನು ನೋಡೋಕೆ ಬರಲ್ಲ. ನಿಮ್ಮ ಕೆಲಸ ಕಾಯಂ ಮಾಡಿಸ್ತೀನಿ. ಬಲಗೈ ಗವಸೂ ತರಿಸ್ತೀನಿ."

ಅವಳು ಗುದ್ದಲಿಯನ್ನು ನೋಡಿದಳು. ಬದುವನ್ನು ನೋಡಿದಳು. ಅದರ ಒಂದೊಂದು ಕಲ್ಲನ್ನೂ ಯಾರು ಹೊತ್ತರೆಂದು ಅವಳಿಗೆ ಗೊತ್ತಿತ್ತು.

"ಒಡೆಯಲ್ಲ."

"ಏನಂದ್ರಿ?"

"ಒಡೆಯಲ್ಲ ಅಂದೆ. ಮೂರು ದಿನ ನಮ್ಮ ಮಕ್ಕಳು ಅದನ್ನೇ ಕುಡೀಬೇಕು. ನಿಮ್ಮ ಸಮಿತಿ ನೋಡೋಕೆ ನಾವು ಕುಡೀಬೇಕು. ಕೈ ಇದೆಯಲ್ಲ ನಿಮಗೂ, ಒಡೀರಿ."

ಗುದ್ದಲಿಯನ್ನು ಅವರ ಕಡೆಗೆ ಚಾಚಿದಳು. ಅವರು ಹಿಡಿಯಲಿಲ್ಲ. ಮೇಸ್ತ್ರಿಯ ಕಡೆ ನೋಡಿದರು. ಮೇಸ್ತ್ರಿ ಕಣ್ಣುಜ್ಜಿಕೊಂಡ. ಅಷ್ಟರಲ್ಲಿ ಅತ್ತೆ ಬದುವಿನ ಮೇಲೆ ಕೂತುಬಿಟ್ಟಿದ್ದಳು. ಅವಳ ಪಕ್ಕ ನಾನು ಕೂತೆ. ಒಬ್ಬೊಬ್ಬರಾಗಿ ಎಲ್ಲರೂ ಕೂತರು. ಯಾರೂ ಘೋಷಣೆ ಕೂಗಲಿಲ್ಲ. ನಮಗೆ ಘೋಷಣೆ ಬರುತ್ತಿರಲಿಲ್ಲ. ಇಂಜಿನಿಯರ್ ಬೂಟು ಬಿಚ್ಚಿ ಕಲ್ಲುಪುಡಿ ಸುರಿದು, ಮತ್ತೆ ಹಾಕಿಕೊಂಡು ಇಳಿದು ಹೋದರು.

ಸಮಿತಿ ಬಂತು. ಮೂರು ಕಾರು, ಒಂದು ಶಾಮಿಯಾನ. ತೊಟ್ಟಿಯ ಸ್ವಲ್ಪ ಮೇಲೆ, ಪೊದೆಯ ಮರೆಯಲ್ಲಿ ಮೇಸ್ತ್ರಿಯನ್ನು ಕೂರಿಸಿದ್ದರು. ಅವನ ಪಕ್ಕ ಆರು ಚೀಲ ಇಟ್ಟಿಗೆ ಪುಡಿ. ಅಧ್ಯಕ್ಷರು ಬಂದ ಕೂಡಲೇ ಹಳ್ಳ ಕೆಂಪಾಯಿತು. ಅಧ್ಯಕ್ಷರಿಗೆ ಬಹಳ ಹಿಡಿಸಿತು.

"ಅಬ್ಬಾ, ಎಂಥಾ ಮಾಲಿನ್ಯ!" ಎಂದು ಫೋಟೋ ತೆಗೆಸಿಕೊಂಡರು.

ಆದರೆ ಇಟ್ಟಿಗೆ ಪುಡಿಗೆ ಸುಣ್ಣದ ಭಯವಿಲ್ಲ. ತೊಟ್ಟಿಯ ಆ ಕಡೆಯಿಂದಲೂ ಕೆಂಪು ನೀರೇ ಬಂತು.

"ಇದೇನ್ರೀ, ಹೋಗೋವಾಗಲೂ ಹೀಗೇ ಇದೆ?"

ಇಂಜಿನಿಯರ್ ಬೆವರಿದರು. ಯಂತ್ರದ ಕಡ್ಡಿ ಅದ್ದಿದರು. ಒಳಗೆ ಹೋಗುವ ನೀರಲ್ಲೂ ಹುಳಿಯಿಲ್ಲ, ಹೊರಗೆ ಬರುವ ನೀರಲ್ಲೂ ಹುಳಿಯಿಲ್ಲ. ಅಧ್ಯಕ್ಷರು ಯಂತ್ರ ನೋಡಿದರು, ನೀರು ನೋಡಿದರು, ಊಟದ ಹೊತ್ತಾಗಿದ್ದನ್ನು ನೋಡಿದರು.

"ಅಂದ್ರೆ ನೀರು ಕೆಂಪಾಗಿದೆ, ಆದ್ರೆ ಒಳ್ಳೇದಿದೆ. ಬೆಟ್ಟ ತನ್ನನ್ನ ತಾನೇ ಶುದ್ಧ ಮಾಡ್ಕೊಂಡಿದೆ. ನಿಸರ್ಗದ ಲೀಲೆ. ಹಾಗೇ ಬರ್ಕೊಳ್ಳಿ."

ಸುಣ್ಣದಕ್ಕ ಶಾಮಿಯಾನದ ಹಗ್ಗ ದಾಟಿ ಬಂದಳು. ಮೈಯೆಲ್ಲ ಬಿಳಿ. ಇಬ್ಬರು ಅಡ್ಡ ಬಂದರು.

"ನಿಸರ್ಗ ಅಲ್ಲ ಸ್ವಾಮಿ. ನಾನು. ನಾವು. ನೋಡಿ ನನ್ನ ಕೈ."

ಎರಡೂ ಅಂಗೈ ಚಾಚಿದಳು. ಚರ್ಮ ಸುಲಿದು ಕೆಂಪಗಿದ್ದ ಅಂಗೈಗಳು. ಅಧ್ಯಕ್ಷರು ಅವಳೇನೋ ಬೇಡುತ್ತಿದ್ದಾಳೆ ಅಂದುಕೊಂಡರು. ಒಂದು ಕಿತ್ತಳೆ ಹಣ್ಣು ಇಟ್ಟು ಕಾರು ಹತ್ತಿದರು.

ಆ ಹಣ್ಣನ್ನು ಅವಳು ಏನು ಮಾಡಿದಳೆಂದು ನಾನು ಕೇಳಲಿಲ್ಲ. ಆ ಸಂಜೆ ಅವಳ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ.

ಬೆಟ್ಟವೇ ನೀರು ಶುದ್ಧ ಮಾಡುತ್ತಿರುವುದರಿಂದ ಸುಣ್ಣ ಬೇಕಿಲ್ಲವೆಂದು ಆದೇಶ ಬಂತು. ಸುಣ್ಣದಕ್ಕನನ್ನು ತೆಗೆದರು. ಉಳಿದ ಮುನ್ನೂರು ಚೀಲವನ್ನು, ಮುಂದೆ ಜಲಾಶಯ ಕಟ್ಟಿದಾಗ ಬೇಕಾಗಬಹುದೆಂದು ಶೆಡ್ಡಿನಲ್ಲಿಟ್ಟು ಬೀಗ ಹಾಕಿದರು. ದೋಣಿ ತಾತನನ್ನು ಮಾತ್ರ ತೆಗೆಯಲಿಲ್ಲ. ದೋಣಿ ಬೇರೆ ಇಲಾಖೆಯದು.

ಐದನೇ ದಿನ ಹಳ್ಳ ಮತ್ತೆ ತುಕ್ಕಿನ ಬಣ್ಣಕ್ಕೆ ತಿರುಗಿತು.

ಆರನೇ ದಿನ, ಹಾಡುಹಗಲು ಹನ್ನೊಂದು ಗಂಟೆಗೆ ಸುಣ್ಣದಕ್ಕ ಶೆಡ್ಡಿನ ಬೀಗವನ್ನು ಕಲ್ಲಿನಿಂದ ಒಡೆದಳು. ಕದ್ದುಮುಚ್ಚಿ ಅಲ್ಲ. ದೋಣಿ ತಾತ ನೋಡುತ್ತಿದ್ದರು. "ಬೆರಳು ಜೋಪಾನ" ಎಂದು ಕೂಗಿ ಹೇಳಿದರು. ನಲವತ್ತು ಮನೆಯಿಂದ ನಲವತ್ತಮೂರು ಜನ ಬಂದೆವು. ನಾಲ್ಕು ದಿನ ಹೊತ್ತೆವು. ಶೆಡ್ಡು ಖಾಲಿಯಾಯಿತು.

ಅದರ ಮರುದಿನ ಪೊಲೀಸರು ಬಂದರು. "ಯಾರು ಮಾಡಿದ್ದು?" ಎಂದರು.

"ನಾನೇ" ಎಂದಳು ಅವಳು. "ನಾನೂ" ಎಂದೆ ನಾನು. "ನಾನೂ" ಎಂದಳು ಅತ್ತೆ. ಪೊಲೀಸರ ಜೀಪಿನಲ್ಲಿ ಒಬ್ಬರಿಗೆ ಜಾಗವಿತ್ತು. ಅವಳನ್ನು ಕರೆದುಕೊಂಡು ಹೋದರು.

ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಪೆನ್ನು ಹಿಡಿದು ಕೂತರು. "ಕದ್ದ ಮಾಲು ಎಲ್ಲಿ?"

"ನೀರಲ್ಲಿದೆ."

"ಎಷ್ಟು?"

"ಒಂದಷ್ಟು ಕರಗಿದೆ. ಒಂದಷ್ಟು ಗುಂಡಿಯ ತಳದಲ್ಲಿ ಕೆಸರಾಗಿದೆ. ಮಿಕ್ಕ ಚೀಲ ಸುರಂಗದ ಪಕ್ಕದಲ್ಲಿದೆ."

"ಮಾಲು ಇಲ್ಲದೆ ಕೇಸು ನಿಲ್ಲಲ್ಲ" ಎಂದರು ಇನ್ಸ್‌ಪೆಕ್ಟರ್, ಪಕ್ಕದವರಿಗೆ. "ಎಲ್ಲಾನೂ ವಶಪಡಿಸಿಕೊಳ್ಳಬೇಕು. ಕರಗಿರೋದು ಹಾಳಾಗಿ ಹೋಗಲಿ. ಕೆಸರು ಬಿಡೋ ಹಾಗಿಲ್ಲ."

ಹೀಗಾಗಿ ಮರುದಿನ ಇನ್ಸ್‌ಪೆಕ್ಟರ್ ಜೊತೆ ಆರು ಜನ ಪೇದೆಗಳು ಸಲಿಕೆ ಹಿಡಿದು ಬೆಟ್ಟ ಹತ್ತಿದರು. ಸುಣ್ಣದಕ್ಕನನ್ನೂ ಜಾಗ ತೋರಿಸಲು ಕರೆತಂದಿದ್ದರು. ಪೊಲೀಸರು ಬಂದಾಗಿನಿಂದ, ಎರಡು ದಿನ, ಸುಣ್ಣ ಬಿದ್ದಿರಲಿಲ್ಲ. ಗುಂಡಿ ಹಸಿ ಗಣಿನೀರಿನಿಂದ ತುಂಬಿತ್ತು. ತಳದಲ್ಲಿ ಮೊಣಕಾಲಷ್ಟು ಕೆಸರು. ಅದನ್ನು ತೆಗೆಯದಿದ್ದರೆ ಗುಂಡಿ ಕೆಲಸ ಮಾಡುವುದಿಲ್ಲ. ತೆಗೆಯುವುದು ಹೇಗೆಂದು ನಾವು ವಾರದಿಂದ ತಲೆ ಕೆಡಿಸಿಕೊಂಡಿದ್ದೆವು.

ಪೇದೆಗಳು ಬೂಟು ಬಿಚ್ಚಿ, ಪ್ಯಾಂಟು ಮಡಚಿ ಇಳಿದರು. ಕೆಸರು ಎತ್ತಿ ಚೀಲಕ್ಕೆ ತುಂಬಿದರು. ಪ್ರತಿ ಚೀಲಕ್ಕೂ ಅರಗಿನ ಮುದ್ರೆ. ನಾವು ಸುತ್ತ ನಿಂತು ನೋಡಿದೆವು. ಸಲಿಕೆ ಹಿಡಿದವರನ್ನು ನಿಂತು ನೋಡುವುದು ನಮಗೆ ಹೊಸದು. ಕೈ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ.

"ಆ ಮೂಲೆಯಲ್ಲೂ ಇದೆ ನೋಡಪ್ಪಾ" ಎಂದಳು ಅತ್ತೆ. "ಸಾಕ್ಷಿ ಬಿಟ್ಟುಹೋಗುತ್ತೆ."

ಪೇದೆ ಮೂಲೆಯನ್ನೂ ಬಳಿದ.

ಅರ್ಧ ಗಂಟೆಯಾಗಿರಬೇಕು. ಎಲ್ಲರಿಗಿಂತ ಚಿಕ್ಕವನು ಸಲಿಕೆ ಬಿಸುಟು ಮೇಲೆ ಹತ್ತಿದ. ಕಾಲು ಕೆಂಡದಂತಾಗಿತ್ತು. "ಸಾರ್, ಉರೀತಿದೆ ಸಾರ್!" ಇನ್ನೊಬ್ಬ ಹತ್ತಿದ. ಅವನ ಹಿಮ್ಮಡಿಯಲ್ಲಿ ಹಳೆಯ ಗಾಯವಿತ್ತು, ಅದು ಬೆಳ್ಳಗೆ ಬಾಯಿ ತೆರೆದಿತ್ತು. ಇನ್ಸ್‌ಪೆಕ್ಟರ್ ಗಾಬರಿಯಾಗಿ ಓಡಿ ಬಂದರು. "ನೀರಲ್ಲಿ ಏನಿದೆ? ಏನಿದೆ ಈ ನೀರಲ್ಲಿ?" ಎಂದು ಕಿರುಚಿದರು.

ಅತ್ತೆ ಮನೆಗೆ ಹೋಗಿ ಮೇಣದ ಡಬ್ಬಿ ತಂದಳು. ಆ ಹುಡುಗನನ್ನು ಕೂರಿಸಿ ಕಾಲಿಗೆ ಹಚ್ಚಿದಳು. "ಮೊದಮೊದಲು ಹಾಗೇ" ಅಂದಳು.

ಆ ಮಧ್ಯಾಹ್ನ ಇನ್ಸ್‌ಪೆಕ್ಟರ್ ಕಲ್ಲಿನ ಮೇಲೆ ಕೂತು ಮಹಜರು ಬರೆದರು. ಬರೆದದ್ದನ್ನು ಜೋರಾಗಿ ಓದಿದರು. ಮೊದಲು ಕಳವಿನ ಮಾತು. ಚೀಲ, ಕೆಸರು, ಮುದ್ರೆ. ಆಮೇಲೆ ಕೊನೆಯ ಸಾಲು: 'ಗಣಿಯ ಸುರಂಗದಿಂದ ಹರಿದು ಬರುವ ನೀರು ತಾಗಿ ಇಬ್ಬರು ಸಿಬ್ಬಂದಿಯ ಕಾಲು ಸುಟ್ಟಿರುತ್ತದೆ.'

"ಇಲ್ಲಿ ಸಹಿ ಹಾಕು" ಎಂದರು ಅವಳಿಗೆ.

"ಕೊನೇ ಸಾಲು ಇನ್ನೊಂದು ಸಲ ಓದಿ ಸಾರ್."

ಓದಿದರು.

"ಇನ್ನೊಂದು ಸಲ."

"ಯಾಕಮ್ಮಾ?"

ಅವಳು ನಮ್ಮ ಕಡೆ ತಿರುಗಿದಳು. ನಲವತ್ತು ಮನೆಯವರೂ ಅಲ್ಲಿದ್ದೆವು. ಗಣಿಯಿಂದ ನೀರು ಬರುತ್ತದೆ. ಆ ನೀರು ಸುಡುತ್ತದೆ. ಇಪ್ಪತ್ತೆರಡು ವರ್ಷ ನಮ್ಮ ಕಾಲು ತೋರಿಸಿ ಬರೆಸಲಾಗದ ಮಾತನ್ನು ಸರ್ಕಾರ ಅರ್ಧ ಗಂಟೆಯಲ್ಲಿ ತನ್ನ ಕೈಯಾರೆ, ತನ್ನ ಕಾಗದದ ಮೇಲೆ ಬರೆದಿತ್ತು.

ಅವಳು ಪೆನ್ನು ತೆಗೆದುಕೊಂಡಳು. ಸುಲಿದ ಬೆರಳಲ್ಲಿ ಪೆನ್ನು ನಿಲ್ಲುತ್ತಿರಲಿಲ್ಲ, ಎರಡೂ ಕೈಯಲ್ಲಿ ಹಿಡಿದಳು. ಕಳವಿನ ಸಾಲುಗಳ ಕೆಳಗೆ ಬಿಟ್ಟಿದ್ದ ಜಾಗವನ್ನು ಹಾಗೇ ಬಿಟ್ಟಳು. ಕೊನೆಯ ಸಾಲಿನ ಪಕ್ಕದಲ್ಲಿ, ಕಾಗದದ ಅಂಚಿನಲ್ಲಿ, ಅಕ್ಷರ ಅಕ್ಷರವಾಗಿ ತನ್ನ ಹೆಸರು ಬರೆದಳು. ಬರೆದು ಪೆನ್ನನ್ನು ಇನ್ಸ್‌ಪೆಕ್ಟರಿಗೆ ಕೊಡಲಿಲ್ಲ. ಅತ್ತೆಗೆ ಕೊಟ್ಟಳು.